ಒಂದೇ ಟ್ಯೂನ್, ಐದು ಸಲ, ಬೇರೆ ಬೇರೆ ಷಡ್ಜ: ಬಾಖ್‌ನ ಪ್ಯಾಶನ್ ಕೋರಾಲ್ ಬಿಚ್ಚಿ ನೋಡಿದ್ದು

ಮೊದ್ಲು ಕೇಸ್ ಏನು ಅಂತ ಹೇಳ್ಬಿಡ್ತೀನಿ. ಜರ್ಮನ್ ಸಂಗೀತಗಾರ ಬಾಖ್‌ನ ಸೇಂಟ್ ಮ್ಯಾಥ್ಯೂ ಪ್ಯಾಶನ್ ಇದೆಯಲ್ಲ, ಯೇಸುವಿನ ಯಾತನೆ ಮತ್ತು ಸಾವಿನ ಕಥೆಯನ್ನ ಹಾಡಲ್ಲಿ ಹೇಳೋದು, 1727ರ ಗುಡ್ ಫ್ರೈಡೇ ದಿನ ಲೈಪ್‌ಜಿಗ್‌ನ ಸೇಂಟ್ ಥಾಮಸ್ ಚರ್ಚಲ್ಲಿ ಮೊದಲ ಸಲ ಹಾಡಿದ್ದು ಅಂತ ಈಗ ಸಾಮಾನ್ಯವಾಗಿ ಒಪ್ಕೊಂಡಿರೋ ಆ ದೊಡ್ಡ ಕೃತಿ, ಅದ್ರಲ್ಲಿ ಒಂದೇ ಕೋರಾಲ್ ಟ್ಯೂನ್ (ಕೋರಾಲ್ ಅಂದ್ರೆ ಚರ್ಚಿನ ಸಭೆ ಹಾಡೋ ಜರ್ಮನ್ ಕೀರ್ತನೆ) ಐದು ಕಡೆ ಬರತ್ತೆ. ಸಾಹಿತ್ಯ ಬೇರೆ, ಶ್ರುತಿ ಬೇರೆ, ಕೆಳಗಿನ ದನಿಗಳು ಬಹುಪಾಲು ಬೇರೆ, ಆದ್ರೆ ಮೇಲಿನ ರಾಗ ಅದೇ. ನಮ್ಮ ಕ್ವಾಯರ್‌ನೋರು (ಚರ್ಚಿನ ಗಾಯಕರ ತಂಡ) ಒಂದು ಗುಡ್ ಫ್ರೈಡೇಗೆ ಅದ್ರಲ್ಲಿ ಎರಡನ್ನ ಪಕ್ಕಪಕ್ಕ ಹಾಡೋಣ ಅಂತ ಎತ್ಕೊಂಡ್ವಿ, ಈಗಿನ ಎಡಿಶನ್‌ಗಳ ಲೆಕ್ಕದಲ್ಲಿ 54ನೇದು ಮತ್ತು 62ನೇದು. ಪ್ರಾಕ್ಟೀಸ್ ಶುರುವಾದ ಮೇಲೆ ಒಂದು ಜಗಳ ಹುಟ್ಕೊಳ್ತು, ಈ ಟ್ಯೂನ್ ಮೇಜರಾ ಮೈನರಾ ಅಂತ (ಪಾಶ್ಚಾತ್ಯ ಸಂಗೀತದ ಎರಡು ಮುಖ್ಯ ಸ್ವರಮಾಲೆಗಳು).

ಕೀಬೋರ್ಡ್ ನುಡಿಸೋ ಹುಡುಗ ಹೇಳಿದ, ಪುಟದಲ್ಲಿ ಒಂದು ಫ್ಲ್ಯಾಟ್ (ಅರ್ಧ ಸ್ವರ ಇಳಿಸೋ ಗುರುತು) ಇದೆ, ಕೊನೆ ಕಾರ್ಡ್ (ಒಟ್ಟಿಗೆ ಕೇಳೋ ಸ್ವರಗಳ ಗುಂಪು) ಎಫ್ ಮೇಜರ್, ಅದ್ರಲ್ಲಿ ಜಗಳ ಆಡೋಕೆ ಏನಿದೆ ಅಂತ. ಬೇಸ್, ಅಂದ್ರೆ ಎಲ್ಲಕ್ಕಿಂತ ಕೆಳಗಿನ ದನಿ, ಹಾಡೋ ಅಂಕಲ್ ಒಬ್ರು, ವಯಸ್ಸಾದೋರು, ಐವತ್ತು ವರ್ಷದಿಂದ ನಾನು ಇದನ್ನ ದುಃಖದ ಟ್ಯೂನ್ ಅಂತಾನೇ ಹಾಡ್ಕೊಂಡು ಬಂದಿದೀನಿ ಮಾರಾಯ, ಮೈನರ್ ಅಲ್ದೆ ಇನ್ನೇನು ಅಂದ್ರು. ಆಲ್ಟೋದಲ್ಲಿ (ಹೆಂಗಸರ ಕೆಳಗಿನ ದನಿ) ಒಬ್ರು ಅಕ್ಕ ಇದಾರೆ, ಚಿಕ್ಕಂದಿನಿಂದ ಕರ್ನಾಟಕ ಸಂಗೀತ ಕಲಿತೋರು, ಅವ್ರು ಸ್ವಲ್ಪ ಹೊತ್ತು ಗುನುಗಿ "ನೀವಿಬ್ರೂ ಹೇಳ್ತಿರೋದು ಸರಿ, ಆದ್ರೆ ನಂಗೆ ಇದು ತೋಡಿ ಥರ ಕೇಳ್ತಿದೆ" ಅಂದ್ರು. ಎಲ್ರೂ ನಕ್ರು. ನಗೋ ಮಾತಲ್ಲ ಅದು, ಈ ಕೇಸಿನ ಬೀಗದ ಕೈ ಅಲ್ಲೇ ಇತ್ತು.

ಟ್ಯೂನಿನ ಮೊದಲ ಸಾಲು ನೋಡಿ, ಏಳು ಸ್ವರ ಅಷ್ಟೇ. ಕೀಬೋರ್ಡಿನ ಬಿಳಿ ಕೀಗಳಲ್ಲಿ ಹೇಳೋದಾದ್ರೆ ಇ, ಎ, ಜಿ, ಎಫ್, ಇ, ಡಿ, ಇ. ಈಗ ಸಿ ಅನ್ನ ಷಡ್ಜ (ಸ, ಹಾಡಿಗೆ ನೆಲೆಯಾಗೋ ಸ್ವರ) ಮಾಡ್ಕೊಳ್ಳಿ, ಇದು "ಗ ದ ಪ ಮ ಗ ರಿ ಗ" ಆಗತ್ತೆ, ಶಂಕರಾಭರಣ, ಅಂದ್ರೆ ಅವ್ರ ಮೇಜರ್. ಎ ಅನ್ನ ಷಡ್ಜ ಮಾಡಿ, ಕೆಳಗಿನ ಪಂಚಮದಿಂದ ಎದ್ದು "ಪ ಸ ನಿ ದ ಪ ಮ ಪ" ಆಗತ್ತೆ, ನಟಭೈರವಿ, ಅವ್ರ ಮೈನರ್. ಇ ಅನ್ನೇ ಷಡ್ಜ ಮಾಡಿ, "ಸ ಮ ಗ ರಿ ಸ ನಿ ಸ", ಶುದ್ಧ ರಿಷಭ, ಸಾಧಾರಣ ಗಾಂಧಾರ, ಕೈಶಿಕಿ ನಿಷಾದ, ಅಂದ್ರೆ ಹನುಮತೋಡಿ ಸ್ವರಗಳು. ಯುರೋಪ್‌ನ ಹಳೇ ಚರ್ಚ್ ಸಂಗೀತದಲ್ಲಿ ಇದೇ ಮೆಟ್ಟಿಲಿಗೆ ಫ್ರಿಜಿಯನ್ ಮೋಡ್ ಅಂತಾರೆ. (ತೋಡಿ ಅಂದ್ರೆ ಬರೀ ಸ್ವರಸ್ಥಾನ ಅಲ್ಲ, ಗಮಕ ಇಲ್ದೆ ತೋಡಿ ಎಲ್ಲಿಂದ ಬರತ್ತೆ ಅಂತ ಸಂಗೀತ ಗೊತ್ತಿರೋರು ಬೈತೀರಿ, ಒಪ್ಪಿದೆ, ನಾನು ಮೆಟ್ಟಿಲಿನ ಲೆಕ್ಕ ಮಾತ್ರ ಹೇಳ್ತಿದೀನಿ.) ಗ್ರಹಭೇದ ಅಂತ ನಮ್ಮಲ್ಲಿ ಕಲಿಸ್ತಾರಲ್ಲ, ಸ್ವರಗಳನ್ನ ಹಾಗೇ ಇಟ್ಕೊಂಡು ಷಡ್ಜ ಮಾತ್ರ ಜಾಗ ಬದಲಾಯಿಸೋದು, ಅದಕ್ಕೆ ಇದಕ್ಕಿಂತ ಚೊಕ್ಕ ಉದಾಹರಣೆ ಸಿಗೋದು ಕಷ್ಟ.

ಮಜಾ ಏನಂದ್ರೆ ಟ್ಯೂನ್ ಮುಗಿಯೋದೂ ಶುರುವಾದ ಅದೇ ಇ ಮೇಲೆ. ಹಾಗಾಗಿ ಒಂಟಿ ದನಿಯಲ್ಲಿ ಹಾಡಿದ್ರೆ ಅದು ಗಾಂಧಾರದ ಮೇಲೆ ನಿಂತಿದ್ಯಾ, ಪಂಚಮದ ಮೇಲೆ ನಿಂತಿದ್ಯಾ, ಷಡ್ಜಕ್ಕೇ ಬಂದು ಸೇರಿದ್ಯಾ ಅಂತ ಟ್ಯೂನ್ ತಾನಾಗಿ ಹೇಳಲ್ಲ. ನಾವು ಒಂದಿನ ಪ್ರಾಕ್ಟೀಸಿನ ಮೊದಲ ಹೊತ್ತು ಪೂರ್ತಿ ಇದನ್ನೇ ಮಾಡಿದ್ವಿ, ಫೋನ್‌ನಲ್ಲಿ ತಂಬೂರಿ ಆ್ಯಪ್ ಹಾಕಿ ಸಿ ಶ್ರುತಿಗೆ ಒಂದ್ಸಲ, ಎ ಶ್ರುತಿಗೆ ಒಂದ್ಸಲ, ಇ ಶ್ರುತಿಗೆ ಒಂದ್ಸಲ, ಮೂರಕ್ಕೂ ಅದೇ ಟ್ಯೂನ್ ಅದೇ ಸ್ಥಾಯಿಯಲ್ಲಿ. ಸಿ ಇಟ್ಟಾಗ ಕೊನೆ ಮೆತ್ತಗೆ ಕೂತಂಗಿರತ್ತೆ. ಎ ಇಟ್ಟಾಗ ಇನ್ನೂ ಏನೋ ಬಾಕಿ ಇದೆ ಅನ್ನೋ ಥರ ನೇತಾಡತ್ತೆ. ಇ ಇಟ್ಟಾಗ ಹಾಡಿದೋರೇ ಒಬ್ರ ಮುಖ ಒಬ್ರು ನೋಡ್ಕೊಂಡ್ರು, ಅಷ್ಟು ಬೇರೆ. ಕೀಬೋರ್ಡ್ ಹುಡುಗ, ಅಂಕಲ್, ಅಕ್ಕ ಮೂರೂ ಜನ ಸರಿ ಅಂತ ಆಯ್ತು, ಹಾಗಂತ ಅಲ್ಲಿಗೇ ಬಿಟ್ರೆ ಅದು ರಾಜಿ ಪಂಚಾಯ್ತಿ ಆಗತ್ತೆ. ಮೂರು ಸಾಧ್ಯತೆಲಿ ಯಾವ ಕಾಲದೋರು ಯಾವುದನ್ನ ಆರಿಸ್ಕೊಂಡ್ರು, ಯಾವ ಜಾಗದಲ್ಲಿ ಆರಿಸ್ಕೊಂಡ್ರು, ಪ್ರಶ್ನೆ ಇರೋದು ಅಲ್ಲಿ.

ಇದು ಹುಟ್ಟಿದ್ದು ದೇವರ ಹಾಡಾಗಿ ಅಲ್ಲ

ಟ್ಯೂನ್ ಮಾಡಿದ್ದು ಹಾನ್ಸ್ ಲಿಯೋ ಹಾಸ್ಲರ್, ನ್ಯೂರೆಂಬರ್ಗ್‌ನಲ್ಲಿ 1564ರಲ್ಲಿ ಹುಟ್ಟಿದೋನು. 1584ರಲ್ಲಿ ವೆನಿಸ್‌ಗೆ ಹೋಗಿ ಆಂಡ್ರಿಯಾ ಗಾಬ್ರಿಯೇಲಿ ಹತ್ರ ಕಲಿತ, ಇಟಲಿಗೆ ಹೋಗಿ ಕಲಿತು ಬಂದ ಜರ್ಮನ್ ಸಂಗೀತಗಾರರಲ್ಲಿ ಮೊದಲಿಗರ ಸಾಲಿನೋನು. 1601ರಲ್ಲಿ ಅವನ ಒಂದು ಹಾಡಿನ ಸಂಗ್ರಹ ಅಚ್ಚಾಯ್ತು, ಅದ್ರಲ್ಲಿ ಐದು ದನಿಗೆ ಬರೆದ ಒಂದು ಪ್ರೇಮಗೀತೆ ಇದು. ನನ್ನ ಮನಸ್ಸು ಗೊಂದಲಕ್ಕೆ ಬಿದ್ದಿದೆ, ಅದಕ್ಕೆ ಕಾರಣ ಒಬ್ಬ ಸುಕುಮಾರಿ ಅಂತ ಶುರುವಾಗತ್ತೆ. ಐದು ಚರಣಗಳ ಮೊದಲಕ್ಷರ ಜೋಡಿಸಿದ್ರೆ ಮರಿಯಾ ಅಂತ ಹುಡುಗಿ ಹೆಸರು ಬರತ್ತೆ. ಪಾಪ ಹುಡುಗ!

ಹಾಸ್ಲರ್‌ದನ್ನ ಹಾಡಿ ನೋಡಿದ್ರೆ ಮೊದ್ಲು ಕಾಲಿಗೆ ಗೊತ್ತಾಗತ್ತೆ, ಕಿವಿಗೆ ಆಮೇಲೆ. ಲಯ ಒಂದು ಕಡೆ ಮೂರರ ಎಣಿಕೆ, ಇನ್ನೊಂದು ಕಡೆ ಎರಡರ ಎಣಿಕೆ ಅಂತ ಅದಲು ಬದಲಾಗ್ತಾ ಕುಣಿತದ ಹತ್ರ ಹತ್ರ ಇದೆ. ಹಾರ್ಮನಿ (ಟ್ಯೂನಿನ ಕೆಳಗೆ ಕಾರ್ಡ್‌ಗಳನ್ನ ಜೋಡಿಸೋ ರೀತಿ) ಸರಳ, ತಿಳಿ, ಹೆಚ್ಚಾಗಿ ಮೂರು ಸ್ವರದ ನೇರ ಕಾರ್ಡ್‌ಗಳು, ಇಟಲಿಯ ಹಗುರ ಹಾಡುಗಳ ಗಾಳಿ ಚೆನ್ನಾಗಿ ತಾಗಿದೆ. ಅಲ್ಲಿ ಹಾರ್ಮನಿಗೆ ಕಥೆ ಹೇಳೋ ಜವಾಬ್ದಾರಿ ಇಲ್ಲ, ಮಾತಿನ ಲಯವನ್ನ ಹೊತ್ಕೊಂಡು ಹೋದ್ರೆ ಸಾಕು. 1600ರ ಆಸುಪಾಸಿನ ಇಂಥ ಹಾಡುಗಳನ್ನ ವಿಶ್ಲೇಷಣೆ ಮಾಡುವಾಗ ಕಾರ್ಡಿಗೆ ನಂಬರ್ ಹಾಕ್ಕೊಂಡು ಕೂತ್ರೆ ಏನೂ ಸಿಗಲ್ಲ, ಯಾಕಂದ್ರೆ ಮೇಜರ್ ಮೈನರ್ ಅನ್ನೋ ಎರಡು ಡಬ್ಬಿ ಆಗಿನ್ನೂ ಗಟ್ಟಿಯಾಗಿರಲಿಲ್ಲ, ಅವ್ರು ಮೋಡ್‌ಗಳ ಲೆಕ್ಕದಲ್ಲಿ ಯೋಚ್ನೆ ಮಾಡ್ತಿದ್ರು.

ಹನ್ನೆರಡೇ ವರ್ಷಕ್ಕೆ, 1613ರಲ್ಲಿ, ಗೋರ್ಲಿಟ್ಸ್ ಊರಲ್ಲಿ ಬಂದ ಒಂದು ಪುಸ್ತಕದಲ್ಲಿ ಇದೇ ಟ್ಯೂನಿಗೆ ಒಳ್ಳೇ ಸಾವು ಕೊಡು ದೇವರೇ ಅಂತ ಕೇಳ್ಕೊಳ್ಳೋ ಸಾಹಿತ್ಯ ಬಂತು. ಪ್ರೇಮದ ಹಂಬಲದಿಂದ ನೇರ ಸಾವಿನ ಹಂಬಲಕ್ಕೆ. ಆಮೇಲೆ 1656ರಲ್ಲಿ ಪೌಲ್ ಗೆರ್ಹಾರ್ಟ್ ಅನ್ನೋ ಪಾದ್ರಿ ಕವಿ ಲ್ಯಾಟಿನ್‌ನ ಒಂದು ಹಳೇ ಧ್ಯಾನಪದ್ಯವನ್ನ ಜರ್ಮನ್‌ಗೆ ತಂದ, ರಕ್ತ ಗಾಯ ತುಂಬಿದ ಶಿರವೇ ಅಂತ ಕ್ರಿಸ್ತನ ತಲೆಯನ್ನೇ ಉದ್ದೇಶಿಸಿ ಹಾಡೋದು, ಬರ್ಲಿನ್‌ನ ಯೊಹಾನ್ ಕ್ರೂಗರ್ ಅದನ್ನ ಈ ಟ್ಯೂನಿನ ಜೊತೆ ತನ್ನ ಕೀರ್ತನೆ ಪುಸ್ತಕದಲ್ಲಿ ಸೇರಿಸಿದ. ಕ್ರೂಗರ್ ಹೊತ್ತಿಗೆ ಕುಣಿತ ಹೋಯ್ತು. ಸಭೆಯೆಲ್ಲಾ ಒಟ್ಟಿಗೆ ಹಾಡ್ಬೇಕಲ್ಲ, ಒಂದಕ್ಷರಕ್ಕೆ ಒಂದು ಸ್ವರ ಅಂತ ಸಮ ನಡಿಗೆ ಬಂತು. ಪುಟದಲ್ಲಿ ಟ್ಯೂನು, ಅದರ ಕೆಳಗೆ ಬೇಸ್ ಸಾಲು, ಬೇಸ್ ಸ್ವರಗಳಿಗೆ ಅಂಕಿಗಳು, ಅಷ್ಟೇ, ಮಧ್ಯದ ಕಾರ್ಡ್ ಆರ್ಗನ್ ನುಡಿಸೋನು ತುಂಬ್ಕೋಬೇಕು.

ನಂಗನ್ಸೋದು, ಲಯ ಸಮ ಆಗಿದ್ದೇ ಮುಂದಿನ ಎಲ್ಲದಕ್ಕೂ ಬಾಗಿಲು ತೆಗೀತು. ಹಾಸ್ಲರ್‌ನ ಜಿಗಿಯೋ ಲಯದಲ್ಲಿ ಕಾರ್ಡ್ ಮೇಲೆ ಕಾರ್ಡ್ ಪೇರಿಸೋಕೆ ಜಾಗ ಇಲ್ಲ. ಪ್ರತಿ ಅಕ್ಷರವೂ ಒಂದೇ ಉದ್ದ ಆದ್ಮೇಲೆ ಪ್ರತಿ ಅಕ್ಷರದ ಕೆಳಗೂ ಒಂದು ನಿರ್ಧಾರ ತಗೋಬೋದು.

ಬಾಖ್ ತಗೊಂಡ ನಿರ್ಧಾರಗಳು

ಮ್ಯಾಥ್ಯೂ ಪ್ಯಾಶನ್‌ನಲ್ಲಿ ಆ ಐದು ಜಾಗ ಇವು. 15ನೇದು ಇ ಮೇಜರ್, ಕುರುಬನನ್ನ ಹೊಡೀತೀನಿ, ಕುರಿಗಳು ಚದುರಿ ಹೋಗ್ತವೆ ಅಂತ ಯೇಸು ಹೇಳಿದ ಕೂಡ್ಲೇ ಬರತ್ತೆ, ಸಾಹಿತ್ಯ ನನ್ನ ಕಾಯೋನೇ ನನ್ನ ಗುರುತು ಹಿಡಿ ಅಂತ. ಸ್ವಲ್ಪ ಹೊತ್ತಿಗೆ 17ನೇದು, ಇ ಫ್ಲ್ಯಾಟ್ ಮೇಜರ್, ಸತ್ರೂ ನಿನ್ನ ಬಿಡಲ್ಲ ಅಂತ ಶಿಷ್ಯ ಪೇತ್ರ ಜಂಬ ಕೊಚ್ಕೊಂಡ ಮೇಲೆ, ನಾನಿಲ್ಲೇ ನಿನ್ನ ಪಕ್ಕ ನಿಲ್ತೀನಿ ಅಂತ. 44ನೇದು ಡಿ ಮೇಜರ್, ರೋಮನ್ ಅಧಿಕಾರಿ ಪಿಲಾತನ ಮುಂದೆ ಯೇಸು ಒಂದು ಮಾತೂ ಆಡದೆ ನಿಂತಾಗ, ಇದಕ್ಕೆ ಮಾತ್ರ ಗೆರ್ಹಾರ್ಟ್‌ನ ಬೇರೆ ಕೀರ್ತನೆಯ ಸಾಹಿತ್ಯ. 54ನೇದು ಎಫ್ ಮೇಜರ್, ಮುಳ್ಳಿನ ಕಿರೀಟ ಇಟ್ಟು ಗೇಲಿ ಮಾಡಿ ಹೊಡೆದ ಮೇಲೆ, ರಕ್ತ ಗಾಯದ ಶಿರ ಅನ್ನೋ ಮೂಲ ಸಾಹಿತ್ಯ, ಎರಡು ಚರಣ. ಕೊನೇದು 62, ಯೇಸು ಪ್ರಾಣ ಬಿಟ್ಟ ಅನ್ನೋ ಸಾಲು ಮುಗಿದ ತಕ್ಷಣ.

15 ಮತ್ತು 17ರ ಹಾರ್ಮನಿ ಒಂದೇ, ಶ್ರುತಿ ಮಾತ್ರ ಅರ್ಧ ಸ್ವರ ಕೆಳಗೆ. ಟ್ಯೂನ್ ಶುರುವಾಗೋ ಸ್ವರ ಮಾತ್ರ ಎತ್ಕೊಂಡು ಸಾಲಾಗಿ ನೋಡಿ: ಜಿ ಶಾರ್ಪ್ (ಜಿಗಿಂತ ಅರ್ಧ ಸ್ವರ ಮೇಲೆ), ಜಿ, ಎಫ್ ಶಾರ್ಪ್, ಆಮೇಲೆ ಇದ್ದಕ್ಕಿದ್ದಂಗೆ ಮೇಲೆ ಹಾರಿ ಎ, ಆಮೇಲೆ ಎಲ್ಲಕ್ಕಿಂತ ಕೆಳಗೆ ಇ. ಮೊದಲ ಮೂರು ಅರ್ಧರ್ಧ ಸ್ವರ ಇಳೀತವೆ, ಮುಳ್ಳಿನ ಕಿರೀಟದ ಹತ್ರ ಗಂಟಲು ಎತ್ತರಕ್ಕೆ ಹೋಗತ್ತೆ, ಸಾವಿನ ಹತ್ರ ಸೊಪ್ರಾನೋಗಳು (ಟ್ಯೂನ್ ಹಾಡೋ ಮೇಲಿನ ದನಿ) ತಮ್ಮ ದನಿಯ ಕೆಳಗಿನ, ಮಬ್ಬು ಭಾಗಕ್ಕೆ ಇಳೀತಾರೆ. ಪೇತ್ರನ ಜಂಬಕ್ಕೆ ಅಂತಲೇ ಶ್ರುತಿ ಅರ್ಧ ಸ್ವರ ಕುಸಿದಿದ್ದು ಅಂತೆಲ್ಲಾ ಬರೆಯೋರಿದಾರೆ, ಅಷ್ಟು ದೂರ ಹೋಗೋಕೆ ನಂಗೆ ಧೈರ್ಯ ಇಲ್ಲ, ಅಕ್ಕಪಕ್ಕದ ಭಾಗಗಳ ಶ್ರುತಿಗೆ ಹೊಂದಿಸೋದೂ ಒಂದು ಕಾರಣ ಇರ್ಬೋದು. ಆದ್ರೆ 54 ಎತ್ತರದಲ್ಲಿ, 62 ತಗ್ಗಲ್ಲಿ ಅನ್ನೋದು ಹಾಡೋರ ಗಂಟಲಿಗೇ ಗೊತ್ತಾಗೋ ವಿಷಯ, ಅದಕ್ಕೆ ಥಿಯರಿ ಬೇಡ.

ಈಗ ಮುಖ್ಯ ವಿಷಯಕ್ಕೆ, 54 ಮತ್ತು 62. ಹೋಲಿಸೋಕೆ ಸುಲಭ ಆಗ್ಲಿ ಅಂತ 54ನ್ನೂ ಕಾಗದದ ಮೇಲೆ 62ರ ಎತ್ತರಕ್ಕೇ ಇಳಿಸಿ ಬರ್ಕೊಂಡ್ವಿ, ಆಗ ಎರಡರಲ್ಲೂ ಟ್ಯೂನ್ ಇ ಮೇಲೆ ಶುರು, ಇ ಮೇಲೆ ಮುಕ್ತಾಯ. ಸೊಪ್ರಾನೋ ಸಾಲನ್ನ ಕಾಗದದಿಂದ ಮುಚ್ಚಿ ಬೇಸ್ ಸಾಲನ್ನಷ್ಟೇ ಹಾಡಿಸಿದ್ವಿ. ಯಾರಾದ್ರೂ ಕೋರಲ್ ಸಂಗೀತ ವಿಶ್ಲೇಷಣೆ ಶುರು ಮಾಡ್ಬೇಕು ಅಂತಿದ್ರೆ ಈ ಒಂದು ಕೆಲ್ಸ ಮಾಡಿ, ಕಾರ್ಡಿನ ಹೆಸ್ರು ಗೊತ್ತಿಲ್ದಿದ್ರೂ ಪರ್ವಾಗಿಲ್ಲ. ಬಾಖ್‌ನ ನಾಲ್ಕು ದನಿಯಲ್ಲಿ ಬೇಸ್ ಅನ್ನೋದು ನಡೆದಾಡೋ ತಂಬೂರಿ. ನಮ್ಮ ತಂಬೂರಿ ಕಛೇರಿ ಪೂರ್ತಿ ಒಂದೇ ಷಡ್ಜ ಹೇಳತ್ತೆ, ಇಲ್ಲಿ ಬೇಸ್ ಪ್ರತಿ ಸಾಲಿನ ಕೊನೇಲಿ ಈಗ ಇದೇ ಷಡ್ಜ ಅಂತ ಹೊಸದಾಗಿ ಹೇಳಿ ಮುಂದಕ್ಕೆ ಹೋಗತ್ತೆ, ಮೇಲಿನ ಟ್ಯೂನ್ ಪಾಪ ಏನೂ ಬದಲಾಗದೆ ಅದೇ ಸ್ವರ ಹಾಡ್ತಿದ್ರೂ ಕೇಳೋನ ಕಿವಿಯಲ್ಲಿ ಅದರ ಅರ್ಥ ಬದಲಾಗ್ತಾ ಇರತ್ತೆ.

54ರ ಕೊನೇಲಿ ಬೇಸ್ ಬಂದು ನಿಲ್ಲೋದು ಸಿ ಮೇಲೆ (ನಾವು ಇಳಿಸ್ಕೊಂಡ ಲೆಕ್ಕದಲ್ಲಿ, ಅಸಲಿನಲ್ಲಿ ಎಫ್). ಅಂದ್ರೆ ಟ್ಯೂನಿನ ಕೊನೆ ಇ ಗಾಂಧಾರ ಆಯ್ತು, ಶಂಕರಾಭರಣದ ಅಂತರ ಗಾಂಧಾರ (ಸಾಧಾರಣ ಗಾಂಧಾರಕ್ಕಿಂತ ಅರ್ಧ ಸ್ವರ ಮೇಲಿನದು), ಕೆಳಗೆ ಷಡ್ಜ ಗಟ್ಟಿಯಾಗಿ ಕೂತಿದೆ. ಸಾಹಿತ್ಯ ಏನೋ ರಕ್ತ, ಗೇಲಿ, ಮುಳ್ಳು ಅಂತಿದೆ, ಆದ್ರೆ ಆ ಚರಣ ಮುಗಿಯೋದು ನಿನಗೆ ನಮಸ್ಕಾರ ಅನ್ನೋ ಅರ್ಥದ ಸಾಲಲ್ಲಿ. ನಮಸ್ಕಾರಕ್ಕೆ ಆ ಮೇಜರ್ ಕೊನೆ ಸರಿಯಾಗೇ ಇದೆ. ಇವತ್ತು ಇಂಗ್ಲಿಷ್ ಕೀರ್ತನೆ ಪುಸ್ತಕಗಳಲ್ಲೂ ಹೆಚ್ಚಾಗಿ ಸಿಗೋದು ಈ ಥರ ಮೇಜರ್‌ನಲ್ಲಿ ನಿಲ್ಲೋ ರೂಪವೇ, ಹಾಗಾಗಿ ಕೀಬೋರ್ಡ್ ಹುಡುಗನ ಕಿವಿ ಅದನ್ನೇ ಕೇಳಿ ಬೆಳೆದಿದೆ.

62ರಲ್ಲಿ ಬೇಸ್ ಬಂದು ನಿಲ್ಲೋದು ಇ ಮೇಲೆ. ಟ್ಯೂನ್ ಇ, ಬೇಸ್ ಇ, ಮೇಲೂ ಕೆಳಗೂ ಅದೇ ಸ್ವರ. ಗಾಂಧಾರ ಅಂದ್ಕೊಂಡಿದ್ದು ಷಡ್ಜ ಆಗಿ ಕೂತಿದೆ. ಅಕ್ಕ ಹೇಳಿದ ತೋಡಿ ಇದೇ. ಆದ್ರೆ ಪೂರ್ತಿ ತೋಡಿಯೂ ಅಲ್ಲ, ಯಾಕಂದ್ರೆ ಕೊನೆ ಕಾರ್ಡ್ ಇ ಮೇಜರ್, ಒಳಗಿನ ಎರಡು ದನಿಲಿ ಒಂದು ಜಿ ಶಾರ್ಪ್ ಹಾಡತ್ತೆ, ಟ್ಯೂನ್ ಮೊದಲಿಂದ ಹಾಡ್ಕೊಂಡು ಬಂದಿದ್ದು ಬರೀ ಜಿ. ಅಂದ್ರೆ ಸಾಧಾರಣ ಗಾಂಧಾರದಲ್ಲಿ ಬದುಕಿದ ಟ್ಯೂನಿನ ಕೊನೇ ಕ್ಷಣದಲ್ಲಿ ಒಳಗಿಂದ ಒಂದು ಅಂತರ ಗಾಂಧಾರ ಬೆಳಕಿಗೆ ಬರತ್ತೆ. ಇದ್ರ ಜೊತೆ ಇನ್ನೊಂದು ತೊಡಕು: 62 ಪೂರ್ತಿ ಎ ಮೈನರ್ ಕಡೆ ವಾಲಿರೋದ್ರಿಂದ ಇ ಮೇಜರ್ ಕಾರ್ಡ್ ಅನ್ನ ಎ ಮೈನರ್‌ನ ಪಂಚಮದ ಕಾರ್ಡ್ ಅಂತಾನೂ ಕೇಳ್ಬೋದು, ಆಗ ಹಾಡು ಮುಗಿದಿಲ್ಲ, ಪ್ರಶ್ನೆಯಲ್ಲಿ ನಿಂತಿದೆ. ಮುಗೀತು ಅಂತಾನೂ ಕೇಳ್ಬೋದು, ಮುಗಿದಿಲ್ಲ ಅಂತಾನೂ ಕೇಳ್ಬೋದು, ಎರಡನ್ನೂ ಅದೇ ಒಂದು ಕಾರ್ಡ್ ಹೇಳ್ತಿದೆ.

ನಮ್ಮ ಕ್ವಾಯರ್ ನಿಜವಾಗಿ ಒದ್ದಾಡಿದ್ದು ಕೊನೇಲಿ ಅಲ್ಲ, ಐದು ಆರನೇ ಸಾಲಲ್ಲಿ. 62ರ ಸಾಹಿತ್ಯ ಹೀಗೆ: ನಾನು ಹೊರಡೋ ದಿನ ಬಂದಾಗ ನೀನು ನನ್ನ ಬಿಟ್ಟು ಹೊರಡಬೇಡ, ನಾನು ಸಾವನ್ನ ಅನುಭವಿಸ್ಬೇಕಾದಾಗ ನೀನು ಮುಂದೆ ಬಾ, ಎದೆಯಲ್ಲಿ ಎಲ್ಲಕ್ಕಿಂತ ಹೆಚ್ಚು ದಿಗಿಲು ಎದ್ದಾಗ, ನಿನ್ನ ದಿಗಿಲು ನೋವಿನ ಬಲದಿಂದ ನನ್ನನ್ನ ಈ ದಿಗಿಲಿಂದ ಕಿತ್ತು ತೆಗಿ. ಮೊದಲ ಎರಡು ಸಾಲಿನ ಟ್ಯೂನೇ ಮೂರು ನಾಲ್ಕಕ್ಕೂ ಬರತ್ತೆ, ಅಲ್ಲೀವರೆಗೆ ದಾರಿ ಗೊತ್ತಿರತ್ತೆ. ಎದೆಯ ದಿಗಿಲು ಅನ್ನೋ ಐದನೇ ಸಾಲಿಗೆ ಬಂದ ತಕ್ಷಣ ಕೆಳಗಿನ ದನಿಗಳು ಅರ್ಧರ್ಧ ಸ್ವರ ಜಾರೋಕೆ ಶುರು ಮಾಡ್ತವೆ, ಕಾರ್ಡ್‌ಗಳು ಎಲ್ಲಿಗೆ ಹೋಗ್ತಿವೆ ಅಂತ ಹಿಡಿತಕ್ಕೆ ಸಿಗಲ್ಲ, ಸೊಪ್ರಾನೋ ಮಾತ್ರ ಮೇಲೆ ಏನೂ ಆಗದೋರ ಥರ ಅದೇ ಹಳೇ ಟ್ಯೂನ್ ಹಾಡ್ತಿರತ್ತೆ. ನೆಲ ಕಾಲ ಕೆಳಗಿಂದ ಸರಿಯೋದು ಕೇಳ್ಬೇಕು ಅಂದ್ರೆ ಟೆನರ್ (ಬೇಸ್‌ಗಿಂತ ಮೇಲಿನ ಗಂಡಸರ ದನಿ) ಪಕ್ಕ ನಿಂತ್ಕೊಳ್ಳಿ.

ಇಲ್ಲೇ ಹಾರ್ಮನಿ ಪಾಠದ ಪುಸ್ತಕಗಳ ಮೇಲೆ ನಂದೊಂದು ತಕರಾರಿದೆ. ಬಾಖ್ ತೀರಿಕೊಂಡ ಮೇಲೆ ಅವನ ನಾಲ್ಕು ದನಿ ಕೋರಾಲ್‌ಗಳನ್ನ ಒಟ್ಟು ಮಾಡಿ 1784ರಿಂದ 1787ರೊಳಗೆ ನಾಲ್ಕು ಭಾಗದಲ್ಲಿ ಅಚ್ಚು ಹಾಕಿಸಿದ್ರು, 371 ನಂಬರ್‌ಗಳು, ಅದರ ಹಿಂದೆ ಇದ್ದಿದ್ದು ಮಗ ಕಾರ್ಲ್ ಫಿಲಿಪ್ ಇಮ್ಯಾನುಯೆಲ್ ಬಾಖ್ ಮತ್ತು ಶಿಷ್ಯ ಕಿರ್ನ್‌ಬರ್ಗರ್. ಇವತ್ತಿಗೂ ಪಶ್ಚಿಮದ ಹಾರ್ಮನಿ ಕಲಿಕೆಗೆ ಅದೇ ಅಡಿಪಾಯ. ಆದ್ರೆ ಆ ಅಚ್ಚಿನಲ್ಲಿ ಸಾಹಿತ್ಯ ಇಲ್ಲ, ಬರೀ ಸ್ವರ. ಈ ಟ್ಯೂನ್ ಅದ್ರಲ್ಲಿ ಬೇರೆ ಬೇರೆ ನಂಬರಿನಡಿ ಹಲವು ಸಲ ಬರತ್ತೆ, ಕಲಿಯೋ ಹುಡುಗ ಒಂದನ್ನ ಎತ್ಕೊಂಡು ಇಲ್ಲಿ ಯಾಕೆ ಇಷ್ಟೊಂದು ಅರ್ಧಸ್ವರ ಅಂತ ತಲೆ ಕೆರ್ಕೊಂಡು ಕಾರ್ಡಿಗೆ ರೋಮನ್ ಅಂಕಿ ಹಾಕ್ತಾನೆ. ಉತ್ತರ ಅಳಿಸಿಟ್ಟ ಸಾಹಿತ್ಯದಲ್ಲಿತ್ತು. 62ರ ಐದನೇ ಸಾಲಿಗೆ ಎದೆಯ ದಿಗಿಲು ಅನ್ನೋ ಮಾತಿದೆ ಅಂತ ಗೊತ್ತಾದ ಮೇಲೆ ನಮ್ಮ ಟೆನರ್‌ಗಳು ಸ್ವರ ಸರಿಯಾಗಿ ಹಿಡಿಯೋಕೆ ಶುರು ಮಾಡಿದ್ರು, ಅಂಕಿ ಬರ್ಕೊಂಡಾಗ ಅಲ್ಲ.

ಹಾಗಾದ್ರೆ ಫ್ರಿಜಿಯನ್ ಅಂದ್ರೆ ಸಾವಾ?

ಇಲ್ಲ. ಇಲ್ಲಿ ಸ್ವಲ್ಪ ಜಾಗ್ರತೆ ಬೇಕು, ಯಾಕಂದ್ರೆ ಅಲ್ಲೀವರೆಗೆ ಬಂದೋರು ಸುಲಭವಾಗಿ ಕೊನೆ ಇ ಮೇಲೆ ನಿಂತ್ರೆ ಸಾವು, ಸಿ ಮೇಲೆ ನಿಂತ್ರೆ ಸಮಾಧಾನ ಅಂತ ಒಂದು ಸೂತ್ರ ಮಾಡ್ಕೊಂಡು ಬಿಡ್ತಾರೆ. ಬಾಖ್ ಅದೇ ಟ್ಯೂನನ್ನ ಕ್ರಿಸ್ಮಸ್ ಓರಟೋರಿಯೋಗೂ (ಯೇಸು ಹುಟ್ಟಿದ ಕಥೆಯನ್ನ ಹಾಡೋ ಅವನ ಇನ್ನೊಂದು ದೊಡ್ಡ ಕೃತಿ) ಹಾಕಿದಾನೆ. 1734ರ ಡಿಸೆಂಬರ್ 25ರಂದು ಹಾಡಿದ ಮೊದಲ ಭಾಗದಲ್ಲಿ ಬರೋ ಮೊದಲ ಕೋರಾಲ್ ಇದೇ ಟ್ಯೂನು, ನಿನ್ನನ್ನ ನಾನು ಹೇಗೆ ಬರಮಾಡಿಕೊಳ್ಳಲಿ ಅನ್ನೋ ಸಾಹಿತ್ಯ, ಅದೂ ಎ ಮೈನರ್ ಕಡೆಯಿಂದ ಬಂದು ಇ ಮೇಲೆ ಫ್ರಿಜಿಯನ್ ಆಗೇ ನಿಲ್ಲತ್ತೆ. ಅಲ್ಲಿ ಸಾವು ಎಲ್ಲಿದೆ, ಮಗು ಹುಟ್ಟೋ ಸಂಭ್ರಮ. ತೊಟ್ಟಿಲ ಮೇಲೆ ಶಿಲುಬೆಯ ನೆರಳು ಅಂತ ಬರೆಯೋರು ಬರೀತಾರೆ, ಕೇಳೋಕೂ ಚೆಂದ, ಆದ್ರೆ ಲೈಪ್‌ಜಿಗ್‌ನೋರಿಗೆ ಈ ಟ್ಯೂನ್ ಬರೀ ಗುಡ್ ಫ್ರೈಡೇ ಟ್ಯೂನ್ ಆಗಿರಲಿಲ್ಲ, ಬೇರೆ ಬೇರೆ ಸಾಹಿತ್ಯಕ್ಕೆ ವರ್ಷದಲ್ಲಿ ಬೇರೆ ಬೇರೆ ಹೊತ್ತಲ್ಲಿ ಹಾಡೋ ಟ್ಯೂನ್ ಅದು. ಇನ್ನು ಅದೇ ಓರಟೋರಿಯೋದ ಕಟ್ಟಕಡೆಗೆ, 1735ರ ಜನವರಿ 6ರ ಭಾಗದಲ್ಲಿ, ಇದೇ ಟ್ಯೂನ್ ಮತ್ತೆ ಬರತ್ತೆ, ಈ ಸಲ ಡಿ ಮೇಜರ್, ಮೂರು ಟ್ರಂಪೆಟ್, ನಗಾರಿ, ಶತ್ರುಗಳ ಮೇಲೆ ಸೇಡು ತೀರಿತು ಅಂತ ಗೆಲುವಿನ ಹಾಡು. ಪ್ರಾಕ್ಟೀಸಲ್ಲಿ ಇದನ್ನ ಸ್ಪೀಕರಲ್ಲಿ ಹಾಕಿದಾಗ ಬೇಸ್ ಅಂಕಲ್ ಇದು ಅದಲ್ಲ ಬಿಡಿ ಅಂತ ಜಗಳಕ್ಕೇ ಬಂದ್ರು.

ಹಾಗಾಗಿ ಸೂತ್ರ ಮಾಡೋಕೆ ಹೊರಟ್ರೆ ಸೋಲ್ತೀವಿ. ಫ್ರಿಜಿಯನ್ ಕೊನೆ ಬಾಖ್‌ಗೆ ಈ ಟ್ಯೂನಿನ ಜೊತೆ ಪರಂಪರೆಯಲ್ಲಿ ಸಿಕ್ಕಿದ ಒಂದು ಸಾಧ್ಯತೆ, ಅವನು ಕಂಡುಹಿಡಿದ ಗುಟ್ಟೇನಲ್ಲ. ಮ್ಯಾಥ್ಯೂ ಪ್ಯಾಶನ್‌ನಲ್ಲಿ ಅದು ಸಾವಿನ ಥರ ಕೇಳೋದು ಯಾಕಂದ್ರೆ ಅದಕ್ಕಿಂತ ಮುಂಚೆ ನಾಲ್ಕು ಸಲ ಇದೇ ಟ್ಯೂನನ್ನ ಮೇಜರ್ ಶ್ರುತಿಗಳಲ್ಲಿ ಕೇಳಿಸಿ, ಕಿವಿಗೆ ಕೊನೆ ಸ್ವರ ಅಂದ್ರೆ ಗಾಂಧಾರ ಅಂತ ಅಭ್ಯಾಸ ಮಾಡಿಸಿ, ಐದನೇ ಸಲ ಷಡ್ಜ ಕಿತ್ಕೊಂಡಿದಾನೆ. ಎರಡೂವರೆ ಮೂರು ಗಂಟೆಯ ಕೃತಿಯೊಳಗೆ ಕೂತು ಕೇಳೋನಿಗೆ ಮಾತ್ರ ಸಿಗೋ ಪೆಟ್ಟು ಅದು. 62ನ್ನ ಒಂದೇ ಕಿತ್ಕೊಂಡು ಕಾರ್ಯಕ್ರಮದಲ್ಲಿ ಹಾಡಿದ್ರೆ ಚೆಂದದ ಹಳೇ ಹಾಡು ಅಷ್ಟೇ. ನಾವು 54ನ್ನ ಪಕ್ಕ ಇಟ್ಟಿದ್ದು ಇದಕ್ಕೇ, ಆಗ ಅರ್ಧ ಪೆಟ್ಟಾದ್ರೂ ಸಿಗತ್ತೆ ಅಂತ.

ಮುಂದಿನ ಶತಮಾನದ್ದು ಚುಟುಕಾಗಿ. 1829ರ ಮಾರ್ಚ್ 11ಕ್ಕೆ ಬರ್ಲಿನ್‌ನಲ್ಲಿ ಇಪ್ಪತ್ತು ವರ್ಷದ ಸಂಗೀತಗಾರ ಮೆಂಡೆಲ್ಸೋನ್ ಮ್ಯಾಥ್ಯೂ ಪ್ಯಾಶನ್‌ಗೆ ಮತ್ತೆ ಜೀವ ಕೊಟ್ಟ, ಬಹಳಷ್ಟು ಭಾಗ ಕತ್ತರಿಸಿಯೇ, ಮುಂದಿನ ವರ್ಷ ತಾನೇ ಈ ಕೀರ್ತನೆ ಇಟ್ಕೊಂಡು ಒಂದು ಕ್ಯಾಂಟಾಟಾ (ಹಾಡೋರಿಗೂ ವಾದ್ಯಗಳಿಗೂ ಬರೆದ ಕೃತಿ) ಬರೆದ. ಅಲ್ಲಿಂದ ಮುಂದೆ ಈ ಟ್ಯೂನನ್ನ ಮುಟ್ಟಿದೋರೆಲ್ಲ ಬಾಖ್ ಮೂಲಕವೇ ಮುಟ್ಟಿದ್ರು ಅಂದ್ರೂ ನಡೀತದೆ. ನಂಗೆ ಆಸಕ್ತಿ ಇರೋದು ಹಂಗೇರಿಯ ಸಂಗೀತಗಾರ ಫ್ರಾಂಜ್ ಲಿಸ್ಟ್ ಬಗ್ಗೆ. 1878-79ರಲ್ಲಿ ಶಿಲುಬೆಯ ಹಾದಿಯ ಹದಿನಾಲ್ಕು ನಿಲುಗಡೆಗಳಿಗೆ ಕ್ವಾಯರ್ ಮತ್ತು ಆರ್ಗನ್‌ಗೆ ಬರೆದ ಕೃತಿ ಅವನದ್ದು, ಅವನು ಬದುಕಿರೋವಾಗ ಯಾರೂ ಹಾಡ್ಲಿಲ್ಲ, ಮೊದಲ ಪ್ರದರ್ಶನ ಆಗಿದ್ದು 1929ರಲ್ಲಿ ಬುಡಾಪೆಸ್ಟ್‌ನಲ್ಲಿ, ಅವನು ಸತ್ತು 43 ವರ್ಷ ಆದ್ಮೇಲೆ. ಆ ಕೃತಿ ಬಹುಪಾಲು ಷಡ್ಜ ಎಲ್ಲಿ ಅಂತಾನೇ ಗೊತ್ತಾಗದಂಗೆ ತೇಲಾಡತ್ತೆ, ಅರ್ಧಸ್ವರದ ಒಂಟಿ ಸಾಲುಗಳು, ಎಲ್ಲೂ ನಿಲ್ಲದ ಕಾರ್ಡ್‌ಗಳು. ಆರನೇ ನಿಲುಗಡೆ, ವೆರೋನಿಕಾ ಯೇಸುವಿನ ಮುಖ ಒರೆಸೋ ಜಾಗ, ಅಲ್ಲಿ ಈ ಕೋರಾಲ್ ಬರತ್ತೆ. ಬಾಖ್‌ನಲ್ಲಿ ಸುತ್ತಲೂ ನೆಲ ಗಟ್ಟಿ, ಕೋರಾಲ್ ಒಳಗೆ ನೆಲ ಜಾರಿತು. ಲಿಸ್ಟ್‌ನಲ್ಲಿ ಸುತ್ತಲೂ ನೆಲವೇ ಇಲ್ಲ, ಕೋರಾಲ್ ಬಂದಾಗ ಕಾಲಿಗೆ ಏನೋ ಸಿಕ್ತು ಅನ್ಸತ್ತೆ. ಟ್ಯೂನ್ ಅದೇ, ಕೆಲ್ಸ ತಿರುಗುಮುರುಗು. ಶೈಲಿ ಅಂದ್ರೆ ಯಾವ ಕಾರ್ಡ್ ಬಳಸಿದ ಅನ್ನೋ ಪಟ್ಟಿ ಮಾತ್ರ ಅಂದ್ಕೊಂಡೋರಿಗೆ ಈ ಎರಡನ್ನ ಪಕ್ಕಪಕ್ಕ ಕೇಳಿಸ್ಬೇಕು.

ಕೊನೆಗೆ ನಾವು ಮಾಡಿದ್ದು

ನಮ್ಮ ಮಂಗಳೂರಿನ ಕಡೆ ನಾಲ್ಕು ದನಿ ಹಾಡಿಕೆ ಹೊಸದೇನಲ್ಲ, 1834ರಲ್ಲಿ ಬಾಸೆಲ್ ಮಿಷನ್‌ನೋರು ಬಂದ ಮೇಲೆ ಜರ್ಮನ್ ಟ್ಯೂನ್‌ಗಳು ಕನ್ನಡ ಸಾಹಿತ್ಯ ತೊಟ್ಕೊಂಡು ಇಲ್ಲಿ ತಲೆಮಾರುಗಳಿಂದ ಹಾಡಿಸ್ಕೊಳ್ತಿವೆ. ತೊಂದ್ರೆ ಏನಂದ್ರೆ ಆರ್ಗನ್ ಅಥವಾ ಕೀಬೋರ್ಡ್ ಜೊತೆ ಹಾಡಿ ಹಾಡಿ ಬೇಸ್‌ನೋರಿಗೆ ತಾವು ಕೆಳಗಿರೋ ಎಕ್ಸ್‌ಟ್ರಾ ಅನ್ನೋ ಭಾವನೆ ಬಂದ್ಬಿಟ್ಟಿದೆ. ಅದನ್ನ ಮೊದ್ಲು ಬಿಡಿಸ್ಬೇಕಿತ್ತು. ಕೀಬೋರ್ಡ್ ಆಫ್ ಮಾಡಿಸಿ, ಸೊಪ್ರಾನೋ ಮತ್ತು ಬೇಸ್ ಎರಡನ್ನೇ ಎದುರು ಬದುರು ನಿಲ್ಲಿಸಿ ಹಾಡಿಸಿದ್ವಿ, ಪ್ರತಿ ಸಾಲಿನ ಕೊನೇಲಿ ನಿಂತು ಸೊಪ್ರಾನೋದೋರು ತಮ್ಮ ಸ್ವರ ಈಗ ಗಾಂಧಾರವೋ ಪಂಚಮವೋ ಷಡ್ಜವೋ ಅಂತ ಬಾಯಿಬಿಟ್ಟು ಹೇಳ್ಬೇಕು. ಮೊದಮೊದ್ಲು ಗಲಾಟೆ, ಆಮೇಲೆ ಪಟಪಟ ಬರೋಕೆ ಶುರುವಾಯ್ತು. ಸೊಪ್ರಾನೋಗಳು ತಮ್ಮ ಸ್ವರದ ಹೆಸ್ರು ಹೇಳೋಕೆ ಬೇಸ್ ಕಡೆ ಕಿವಿ ಕೊಡ್ಲೇಬೇಕಾಯ್ತು, ಅದೇ ದೊಡ್ಡ ಲಾಭ.

62ರಲ್ಲಿ ಇನ್ನೊಂದು ಪ್ರಾಕ್ಟಿಕಲ್ ಸಮಸ್ಯೆ, ವಾದ್ಯ ಇಲ್ದೆ ಹಾಡಿದ್ರೆ ಐದು ಆರನೇ ಸಾಲಿನ ಜಾರುವಿಕೆಯಲ್ಲಿ ಇಡೀ ಕ್ವಾಯರ್ ಶ್ರುತಿ ಕೆಳಗಿಳಿದು ಹೋಗ್ತಿತ್ತು, ಕೊನೆಗೆ ಬರೋ ಇ ಮೇಜರ್ ನಿಜವಾಗಿ ಇ ಫ್ಲ್ಯಾಟ್ ಹತ್ರ ಇರ್ತಿತ್ತು. (ಬಾಖ್‌ನಲ್ಲಿ ವಾದ್ಯಗಳು ಹಾಡೋರ ಸಾಲುಗಳನ್ನೇ ಜೊತೆಗೆ ನುಡಿಸ್ತವೆ, ನಮಗೆ ಆ ಭಾಗ್ಯ ಇರಲಿಲ್ಲ.) ಅದಕ್ಕೆ ಅಕ್ಕ ಒಂದು ಉಪಾಯ ಹೇಳಿದ್ರು, ತಂಬೂರಿ ಆ್ಯಪನ್ನ ಇ ಶ್ರುತಿಗೆ ಮೆಲ್ಲಗೆ ಹಾಕಿ ಇಡೀ ಹಾಡನ್ನ ಅದರ ಮೇಲೆ ನಿಧಾನಕ್ಕೆ ಹಾಡ್ಸಿ, ನಡುವೆ ಕಿವಿಗೆ ಕಿರಿಕಿರಿ ಆಗತ್ತೆ, ಆಗ್ಲಿ, ಕೊನೇಲಿ ಎಲ್ರೂ ಮನೆ ಸೇರ್ತಾರೋ ಇಲ್ವೋ ಗೊತ್ತಾಗತ್ತೆ ಅಂತ. ಕಿರಿಕಿರಿ ಆಯ್ತು, ಬೇಜಾನ್ ಆಯ್ತು. ಆದ್ರೆ ಒಳಗಿನ ದನಿಯ ಆ ಜಿ ಶಾರ್ಪ್ ಕೀಬೋರ್ಡ್‌ಗಿಂತ ಒಂದು ಕೂದಲೆಳೆ ಕೆಳಗೆ, ತಂಬೂರಿಯಲ್ಲಿ ತಾನಾಗಿ ಕೇಳೋ ಅಂತರ ಗಾಂಧಾರದ ಜಾಗದಲ್ಲೇ ಹೋಗಿ ಕೂರೋಕೆ ಶುರುವಾಗಿದ್ದು ಅದ್ರಿಂದಲೇ, ಹಾಗೆ ಕೂತಾಗ ಆ ಕೊನೆ ಕಾರ್ಡ್ ಅಲುಗಾಡದೆ ನಿಲ್ಲತ್ತೆ.

ಗುಡ್ ಫ್ರೈಡೇ ದಿನ 54 ಹಾಡಿ, ಮ್ಯಾಥ್ಯೂ 27ರಿಂದ ಸಾವಿನ ಭಾಗವನ್ನ ಕನ್ನಡದಲ್ಲಿ ಓದಿಸಿ, ಓದು ನಿಂತ ಕೂಡ್ಲೇ 62 ಎತ್ಕೊಂಡ್ವಿ. ಮುಗಿದ ಮೇಲೆ ಸಭೆಯಿಂದ ಬಂದ ಕಂಪ್ಲೇಂಟ್ ಒಂದೇ, ಎರಡನೇ ಹಾಡನ್ನ ಪೂರ್ತಿ ಮಾಡದೆ ಯಾಕೆ ನಿಲ್ಲಿಸಿದ್ರಿ ಅಂತ. ಕೀಬೋರ್ಡ್ ಹುಡುಗ ಈಗ ಕ್ರಿಸ್ಮಸ್ ಓರಟೋರಿಯೋದ ಆ ಮೊದಲ ಕೋರಾಲ್ ಹಾಡೋಣ ಅಂತ ಹಟ ಹಿಡಿದಿದಾನೆ. ಅದೂ ಇ ಮೇಲೇ ನಿಲ್ಲೋದು, ಡಿಸೆಂಬರ್‌ನಲ್ಲೂ ಅದೇ ಕಂಪ್ಲೇಂಟ್ ಬರತ್ತೋ ಇಲ್ವೋ ನೋಡ್ಬೇಕು.